ಮಕ್ಕಳನ್ನ ಇಂಗ್ಲಿಷಲ್ಲಿ ಮಾತಾಡಿಸೋದು ಹೇಗೆ?

ಆರು, ಏಳು, ಎಂಟನೇ ಕ್ಲಾಸಿಗೆ ಇಂಗ್ಲಿಷ್ ಕಲಿಸೋ ಮೇಷ್ಟ್ರೇ, ಟೀಚರೇ, ಸಂಭಾಷಣೆ ಬರೆದುಕೊಟ್ಟು ಬಾಯಿಪಾಠ ಮಾಡಿಸಿದ್ರೆ ಮಕ್ಕಳು ಒಪ್ಪಿಸ್ತಾರೆ, ಮಾತಾಡಲ್ಲ. ಕೇಳದೆ ಬೇರೆ ದಾರಿನೇ ಇಲ್ಲ ಅನ್ನೋ ಸಂದರ್ಭ ಬೇಕು.

ನಿಮ್ಮೂರ ಬಸ್ ಸ್ಟ್ಯಾಂಡಿನ ವೇಳಾಪಟ್ಟಿ ಫೋಟೋ ತಗೊಳ್ಳಿ. ಎರಡು ಹಾಳೆ ಮೇಲೆ ಬರೀರಿ. ಒಂದರಲ್ಲಿ ಹಾಸನದ ಬಸ್ಸಿನ ಟೈಮ್ ಖಾಲಿ ಬಿಡಿ, ಇನ್ನೊಂದರಲ್ಲಿ ಮೈಸೂರಿಂದು. ಇಬ್ಬರು ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು ಬೆನ್ನಿಗೆ ಬೆನ್ನು ಹಾಕಿ ಕೂರಿಸಿ. ‘ವೆನ್ ಡಸ್ ದ ಹಾಸನ್ ಬಸ್ ಲೀವ್?’ ಕೇಳಲೇಬೇಕು, ಇಲ್ಲಾಂದ್ರೆ ಹಾಳೆ ತುಂಬಲ್ಲ. ಸಿಕ್ಸ್ ಫಿಫ್ಟೀನೋ, ಸಿಕ್ಸ್ ಫಿಫ್ಟಿಯೋ ಗೊತ್ತಾಗದೆ ತಿರುಗಿ ಕೇಳ್ತಾರಲ್ಲ, ನಿಜವಾದ ಮಾತು ಶುರುವಾಗೋದೇ ಅಲ್ಲಿ. ದಯವಿಟ್ಟು ಆಗ ಮಧ್ಯೆ ಬಾಯಿ ಹಾಕಿ ವ್ಯಾಕರಣ ತಿದ್ದಬೇಡಿ.

ಕಥೆ ಬೇಕಾ? ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ‘ಸ್ಟೋರಿವೀವರ್’ ವೆಬ್‌ಸೈಟ್ ನೋಡಿ. ಕನ್ನಡದಲ್ಲೂ ಇಂಗ್ಲಿಷಲ್ಲೂ ಚಿತ್ರಗಳಿರೋ ಪುಸ್ತಕಗಳು, ಎಲ್ಲ ಉಚಿತ. ಡೌನ್‌ಲೋಡ್ ಮಾಡಿ ಪ್ರಿಂಟ್ ತೆಗೀಬಹುದು. ಮಾತಾಡಿಸೋಕೆ ಒಂದನೇ, ಎರಡನೇ ಹಂತದ ಪುಸ್ತಕಗಳೇ ಒಳ್ಳೇದು, ಎಂಟನೇ ಕ್ಲಾಸಿಗೂ! ಕೆಳಗಿನ ಸಾಲುಗಳನ್ನ ಕಾಗದದಿಂದ ಮುಚ್ಚಿ, ಚಿತ್ರ ಮಾತ್ರ ತೋರಿಸಿ, ‘ವಾಟ್ ಹ್ಯಾಪನ್ಸ್ ನೆಕ್ಸ್ಟ್?’ ಅಂತ ಕೇಳಿ. ಹಿಂದಿನ ಬೆಂಚಿನವರಿಂದಲೇ ಶುರು ಮಾಡಿ.