ನೈನಿತಾಲಿನಲ್ಲಿ ಇಳಿದುಕೊಳ್ಳುವುದೆಲ್ಲಿ?

ಪ್ರವಾಸಕ್ಕೆ ಹೊರಡುವವರು ರೈಲಿನ ವೇಳೆಯನ್ನು ನಾಲ್ಕು ಬಾರಿ ನೋಡುತ್ತಾರೆ, ಉಣ್ಣೆಯ ಬಟ್ಟೆಗಳನ್ನು ಎರಡು ಬಾರಿ ಎಣಿಸುತ್ತಾರೆ. ಇಳಿದುಕೊಳ್ಳುವ ಜಾಗದ ವಿಷಯ ಬಂದಾಗ ಮಾತ್ರ "ಹೋದ ಮೇಲೆ ನೋಡಿಕೊಂಡರಾಯಿತು" ಎಂದುಬಿಡುತ್ತಾರೆ. ಬಯಲುಸೀಮೆಯ ಊರಿಗೆ ಈ ಮಾತು ಸಲ್ಲಬಹುದು. ಅಲ್ಲಿ ಒಂದು ಬೀದಿ ತಪ್ಪಿದರೆ ಇನ್ನೊಂದು ಬೀದಿ ಉಂಟು. ಗುಡ್ಡದ ಊರಿನಲ್ಲಿ ಹಾಗಲ್ಲ. ನಕ್ಷೆಯ ಮೇಲೆ ಅರ್ಧ ಫರ್ಲಾಂಗು ಎಂದು ಕಾಣುವುದು ಕಾಲಿಗೆ ಇನ್ನೂರು ಮೆಟ್ಟಿಲಾಗಿ ಸಿಕ್ಕುತ್ತದೆ. ಮನೆಯ ಹಿರಿಯರು ಜೊತೆಯಲ್ಲಿದ್ದರಂತೂ ಇದು ಸಣ್ಣ ಸಂಗತಿಯಲ್ಲ.

ಕುಮಾವೂನಿನ ನೈನಿತಾಲನ್ನೇ ತೆಗೆದುಕೊಳ್ಳೋಣ. ದೆಹಲಿಯಲ್ಲಿ ರಾತ್ರಿ ರೈಲು ಹತ್ತಿದವರು ಬೆಳಗಿಗೆ ಕಾಠಗೋದಾಮ್ ಸೇರುತ್ತಾರೆ. ರೈಲಿನ ದಾರಿ ಅಲ್ಲಿಗೆ ಮುಗಿಯಿತು. ಮುಂದೆ ಸುಮಾರು 35 ಕಿಲೋಮೀಟರ್ ಸುತ್ತುಬಳಸಿನ ಘಟ್ಟ. ಹತ್ತಿ ಬಂದ ಮೇಲೆ ಕಣ್ಣಿಗೆ ಬೀಳುವ ಊರು ಒಂದು ದೊಡ್ಡ ಬೋಗುಣಿಯಂತೆ. ತಳದಲ್ಲಿ ಒಂದೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದದ ಸರೋವರ. ಸುತ್ತಲೂ ಗುಡ್ಡದ ಗೋಡೆ. ನೀರಿನ ಮಟ್ಟವೇ ಸಮುದ್ರದಿಂದ 1,900 ಮೀಟರಿಗಿಂತ ಮೇಲಿದೆ. ಬಸ್ಸು ನಿಲ್ಲುವ ಕೆಳತುದಿ ತಲ್ಲಿತಾಲ್, ನೈನಾದೇವಿಯ ಗುಡಿಯೂ ಪೇಟೆಯೂ ಇರುವ ಮೇಲ್ತುದಿ ಮಲ್ಲಿತಾಲ್. ಎರಡನ್ನೂ ಕೂಡಿಸುವುದು ನೀರಿನ ಅಂಚಿನ ಮಾಲ್ ರಸ್ತೆ.

ಈಗ ಬೋಗುಣಿಯ ಎರಡು ಮಗ್ಗುಲುಗಳನ್ನು ನೋಡಬೇಕು. ಮಾಲ್ ರಸ್ತೆಯ ಮೇಲೆ ಏಳುವ ಈಶಾನ್ಯದ ಗುಡ್ಡ ಶೇರ್-ಕಾ-ಡಾಂಡಾ. ಇದರ ಮುಖ ನೈರುತ್ಯಕ್ಕಿರುವುದರಿಂದ ಮಧ್ಯಾಹ್ನದ ಬಿಸಿಲು ಇದರ ಪಾಲಿಗೆ. ಎದುರುಬದಿಯದು ಅಯಾರಪಾಟಾ, ದಟ್ಟವಾದ ಮರಗಳ ನೆರಳು. ಅದರ ಬುಡದಲ್ಲಿ ಸಾಗುವ ದಾರಿಗೆ ಊರಿನವರು ಇಟ್ಟ ಹೆಸರು 'ಠಂಡಿ ಸಡಕ್', ಅಂದರೆ ತಣ್ಣನೆಯ ರಸ್ತೆ. ಹೆಸರಿಟ್ಟವರಿಗೆ ಭೂಗೋಳ ಚೆನ್ನಾಗಿ ತಿಳಿದಿತ್ತು! ಮೇ ತಿಂಗಳಿನಲ್ಲಿ ಆ ತಂಪು ಹಿತ. ಡಿಸೆಂಬರಿನಲ್ಲಿ ಅಲ್ಲಿ ಕೋಣೆ ಹಿಡಿದವರಿಗೆ ಒಗೆದ ಬಟ್ಟೆ ಒಣಗುವುದೂ ಒಂದು ಸಮಸ್ಯೆಯೇ.

ಹಾಗಾದರೆ ಬಿಸಿಲಿನ ಮಗ್ಗುಲೇ ಮೇಲೆಂದು ಹೇಳಿಬಿಡಬಹುದೆ? ಅವಸರ ಬೇಡ. ಶೇರ್-ಕಾ-ಡಾಂಡಾ ಬಹುಮಟ್ಟಿಗೆ ಪದರಪದರವಾಗಿ ಒಡೆಯುವ ಸ್ಲೇಟುಕಲ್ಲಿನ ಗುಡ್ಡ. ಅಯಾರಪಾಟಾ ಗಟ್ಟಿಯಾದ ಸುಣ್ಣಕಲ್ಲಿನ ಜಾತಿಯದು. ಪದರಗಳ ನಡುವೆ ಮಳೆಯ ನೀರು ಇಳಿದರೆ ಮೇಲಿನ ಭಾರ ಜಾರುತ್ತದೆ. 1880ನೆಯ ಸೆಪ್ಟೆಂಬರ್ 18ರಂದು ನಡೆದದ್ದು ಇದೇ. ಎರಡು ದಿನ ಎಡೆಬಿಡದೆ ಸುರಿದ ಮಳೆಗೆ ಗುಡ್ಡದ ಒಂದು ಭಾಗ ಸಡಿಲಿ, ಅದರ ಕೆಳಗಿದ್ದ ವಿಕ್ಟೋರಿಯಾ ಹೋಟೆಲಿನ ಕಟ್ಟಡದ ಮೇಲೆ ಬಿತ್ತು. ಸಿಕ್ಕಿಕೊಂಡವರನ್ನು ಹೊರತೆಗೆಯಲು ಜನ ಓಡಿಬಂದರು. ಅವರು ಅಗೆಯುತ್ತಿದ್ದಾಗಲೇ ಎರಡನೆಯ ಕುಸಿತ, ಮೊದಲಿನದಕ್ಕಿಂತ ಬಹಳ ದೊಡ್ಡದು, ಹೋಟೆಲನ್ನೂ ಗುಡಿಯನ್ನೂ ರಕ್ಷಣೆಗೆ ಬಂದವರನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಯಿತು. ಸತ್ತವರು 151 ಮಂದಿ. ಗುಡಿಯನ್ನು ಅನಂತರ ಮತ್ತೆ ಕಟ್ಟಿದರು. ಇಂದು ಮಲ್ಲಿತಾಲಿನಲ್ಲಿ ಮಕ್ಕಳು ಚೆಂಡಾಡುವ 'ಫ್ಲಾಟ್ಸ್' ಎಂಬ ಮೈದಾನ ಹಿಗ್ಗಿದ್ದು ಆ ದಿನ ಇಳಿದ ಮಣ್ಣಿನಿಂದಲೇ.

ಆ ಅನಾಹುತದ ಮೇಲೆ ಗುಡ್ಡದ ಮೈಮೇಲೆಲ್ಲ ಕಲ್ಲಿನ ಚರಂಡಿಗಳನ್ನು ಕಟ್ಟಿದರು. ಮಳೆಯ ನೀರು ಒಳಗಿಳಿಯದೆ ನೇರವಾಗಿ ಸರೋವರಕ್ಕೆ ಹರಿದುಹೋಗಲಿ ಎಂಬುದು ಉದ್ದೇಶ. 'ನಾಲಾ' ಎಂದು ಕರೆಯುವ ಈ ಕಾಲುವೆಗಳೇ ಊರಿನ ಜೀವನಾಡಿ. ಕೋಣೆಗೆ ಬರೆಯುವಾಗ ಬಿಸಿನೀರು ಉಂಟೆ, ರಜಾಯಿ ಉಂಟೆ ಎಂದು ಕೇಳುತ್ತೇವಷ್ಟೆ. ಕಟ್ಟಡದ ಹಿಂದಿನ ನಾಲಾ ತೆರೆದಿದೆಯೆ, ಅದರ ಮೇಲೆ ಯಾರಾದರೂ ಕೋಣೆ ಕಟ್ಟಿದ್ದಾರೆಯೆ ಎಂದೂ ಕೇಳುವುದು ತಪ್ಪಲ್ಲ. ಭಯಪಡಿಸಲು ಈ ಮಾತನ್ನು ಹೇಳುತ್ತಿಲ್ಲ. 2018ರ ಆಗಸ್ಟಿನಲ್ಲಿ ಕೆಳಗಿನ ಮಾಲ್ ರಸ್ತೆಯ ಒಂದು ತುಂಡು ಸರೋವರಕ್ಕೆ ಕುಸಿಯಿತು. 2021ರ ಅಕ್ಟೋಬರಿನಲ್ಲಿ, ಮಳೆಗಾಲ ಮುಗಿಯಿತು ಎಂದುಕೊಂಡಿರುವಾಗ, ಸರೋವರ ಉಕ್ಕಿ ರಸ್ತೆಗೆ ಬಂತು. ಕೆಲಕಾಲ ಊರಿಗೆ ಹೊರಗಿನ ಸಂಪರ್ಕವೇ ತಪ್ಪಿತ್ತು. ಜುಲೈಯಿಂದ ಸೆಪ್ಟೆಂಬರಿನವರೆಗೆ ಕಡಿದಾದ ಇಳಿಜಾರಿನ ಹೊಸ ಕಟ್ಟಡಗಳನ್ನು ನಾನಂತೂ ಆರಿಸಲಾರೆ.

ಮತ್ತೊಂದು ಸಂಗತಿಯನ್ನು ಎಷ್ಟೋ ಜನ ಹೋದ ಮೇಲೆಯೇ ತಿಳಿಯುತ್ತಾರೆ. ಸರೋವರದ ದಡದಲ್ಲಿ ನಿಂತರೆ ಹಿಮಾಲಯದ ಹಿಮಶಿಖರ ಕಾಣುವುದಿಲ್ಲ; ಬೋಗುಣಿಯ ಅಂಚು ಅಡ್ಡ ಬರುತ್ತದೆ. ನಂದಾದೇವಿ, ತ್ರಿಶೂಲಗಳನ್ನು ನೋಡಬೇಕಾದರೆ ಮಲ್ಲಿತಾಲಿನಿಂದ ತೂಗುಗಾಡಿಯಲ್ಲಿ ಸ್ನೋವ್ಯೂಗೆ ಏರಬೇಕು, ಇಲ್ಲವೆ 2,615 ಮೀಟರ್ ಎತ್ತರದ ನೈನಾ ಶಿಖರವನ್ನು ನಡೆದೇ ಹತ್ತಬೇಕು. "ಕಿಟಕಿಯಿಂದ ಸರೋವರವೂ ಹಿಮಾಲಯವೂ" ಎಂದು ಯಾರಾದರೂ ಹೊಗಳಿದರೆ ಒಂದಕ್ಕೆರಡು ಬಾರಿ ವಿಚಾರಿಸಿ. ಹಿಮವೇ ಮುಖ್ಯ ಎನ್ನುವವರು ಅಕ್ಟೋಬರ್–ನವೆಂಬರಿನಲ್ಲಿ ಹೋಗಿ, ಒಂದೆರಡು ರಾತ್ರಿಯನ್ನು ಮುಕ್ತೇಶ್ವರದಂಥ ಏಣಿನ ಮೇಲಿನ ಊರಿನಲ್ಲಿ ಕಳೆಯುವುದು ಮೇಲು.

ಹಿರಿಯರೂ ಮಕ್ಕಳೂ ಇರುವ ಸಂಸಾರಕ್ಕೆ ಮಲ್ಲಿತಾಲಿನ ಸಮನೆಲದ ಹತ್ತಿರ, ಗಾಡಿ ಬಾಗಿಲಿನವರೆಗೆ ಬರುವ ಕಡೆ, ಕೆಳ ಅಂತಸ್ತಿನ ಕೋಣೆ ಒಪ್ಪುತ್ತದೆ. ಗುಡಿ, ದೋಣಿ, ಪೇಟೆ ಎಲ್ಲ ಕೈಗೆಟುಕುವಷ್ಟು ಹತ್ತಿರ. ಗದ್ದಲವೂ ಅಷ್ಟೇ ಹತ್ತಿರವೆನ್ನಿ. ತಲ್ಲಿತಾಲಿನಲ್ಲಿ ಬಸ್ಸಿನ ಅನುಕೂಲವುಂಟು. ಓದುವ, ನಡೆಯುವ ಹವ್ಯಾಸವುಳ್ಳವರಿಗೆ ಅಯಾರಪಾಟಾ. ಜಿಮ್ ಕಾರ್ಬೆಟ್ಟರ ಮನೆಯವರ 'ಗರ್ನಿ ಹೌಸ್' ಇರುವುದೂ ಆ ಗುಡ್ಡದ ಮೇಲೆಯೇ. ಊಟದ ಚಿಂತೆ ಬೇಡ. ಕುಮಾವೂನಿನವರು ಅನ್ನ ಬಲ್ಲವರು. 'ಭಟ್' ಎಂಬ ಕಪ್ಪು ಸೋಯಾಕಾಳಿನ ಸಾರನ್ನು ಬಿಸಿ ಅನ್ನಕ್ಕೆ ಕಲಸಿ ಉಂಡರೆ ನಮ್ಮ ಹುರುಳಿಯ ಕಟ್ಟು ನೆನಪಾದೀತು.

ಮೆಟ್ಟಿಲು ಆಗದವರಿಗೆ, ಚಳಿ ತಡೆಯದವರಿಗೆ ಇನ್ನೊಂದು ದಾರಿ ಇದೆ. ಸುಮಾರು 22 ಕಿಲೋಮೀಟರ್ ದೂರದ ಭೀಮತಾಲ್ ನೈನಿತಾಲಿಗಿಂತ 500 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ; ಸರೋವರ ದೊಡ್ಡದು, ನಡುವೆ ಒಂದು ನಡುಗಡ್ಡೆ, ಬದಿಯ ನೆಲ ಹೆಚ್ಚು ವಿಶಾಲ. ಅಲ್ಲಿ ಇಳಿದುಕೊಂಡು ಒಂದು ಹಗಲು ನೈನಿತಾಲನ್ನು ನೋಡಿ ಬರಬಹುದು. ಮೇ, ಜೂನ್ ತಿಂಗಳುಗಳಲ್ಲಿ ಹೀಗೆ ಹೋಗುವವರು ಬೆಳಿಗ್ಗೆ ಬೇಗ ಹೊರಡಬೇಕು: ನೈನಿತಾಲಿನಲ್ಲಿ ಗಾಡಿ ನಿಲ್ಲಿಸುವ ಜಾಗ ತುಂಬಿದರೆ, ಕೋಣೆ ಕಾಯ್ದಿರಿಸದವರ ವಾಹನಗಳನ್ನು ಪೊಲೀಸರು ಊರ ಹೊರಗೇ ತಡೆದು ನಿಲ್ಲಿಸುವುದುಂಟು.