ಉಸಿರಿನ ದಾರಿ ಕಾಯುವವರು

"ತಾತ, ಅರಿವಳಿಕೆ ಡಾಕ್ಟ್ರು ಅಂದ್ರೆ ಇಂಜೆಕ್ಷನ್ ಚುಚ್ಚಿ ನಿದ್ದೆ ಮಾಡಿಸೋರು ತಾನೆ?" ಎಂದು ಬಂಡ್ರಿಯ ಮಕ್ಕಳು ನನ್ನನ್ನು ಕೇಳುತ್ತಿರುತ್ತಾರೆ. ಅದು ಅರ್ಧ ಉತ್ತರ. ನಿದ್ದೆ ಬಂದವರ ಉಸಿರು ನಿಲ್ಲದಂತೆ ಕಾಯುವುದು ಉಳಿದರ್ಧ, ಅದೇ ದೊಡ್ಡ ಕೆಲಸ. ಆ ಕೆಲಸಕ್ಕೆ ಆಪರೇಷನ್ ಕೋಣೆಯೇ ಆಗಬೇಕೆಂದಿಲ್ಲ. ವಾರ್ಡಿನಲ್ಲಿ, ತುರ್ತು ಚಿಕಿತ್ಸೆಯ ಕೋಣೆಯಲ್ಲಿ, ಆಂಬುಲೆನ್ಸಿನಲ್ಲಿ ಯಾರದೇ ಉಸಿರು ಕಟ್ಟಿದರೂ ಮೊದಲು ನಮಗೆ ಕರೆ ಬರುತ್ತದೆ.

ಮಕ್ಕಳೇ, ನಮ್ಮ ಗಂಟಲಿನ ಕೆಳಗೆ ಎರಡು ಕೊಳವೆಗಳಿವೆ. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ಎಚ್ಚರ ತಪ್ಪಿದಾಗ ನಾಲಿಗೆ ಸಡಿಲವಾಗಿ ಹಿಂದಕ್ಕೆ ಜಾರಿ ಗಾಳಿಯ ದಾರಿಗೆ ಅಡ್ಡ ಬರುತ್ತದೆ. ಅಂಗಾತ ಮಲಗಿದ ಅಜ್ಜ ಗೊರಕೆ ಹೊಡೆಯುವುದು, ಮಗ್ಗುಲು ತಿರುಗಿದಾಗ ಅದು ನಿಲ್ಲುವುದು ನೀವು ಕಂಡಿದ್ದೇ. ಅದೇ ತತ್ವ ನಮ್ಮ ಕೆಲಸದ ಮೊದಲ ಪಾಠ: ಗಲ್ಲ ಮೇಲೆತ್ತಿದರೆ ದಾರಿ ತೆರೆಯುತ್ತದೆ. ಅದು ಸಾಲದಿದ್ದರೆ ಲ್ಯಾರಿಂಗೋಸ್ಕೋಪ್ ಎಂಬ, ತುದಿಯಲ್ಲಿ ದೀಪವಿರುವ ಬಾಗಿದ ಪಟ್ಟಿಯಿಂದ ನಾಲಿಗೆಯನ್ನು ಎತ್ತಿ, ಧ್ವನಿತಂತುಗಳ ನಡುವಿನಿಂದ ಮೆತ್ತನೆಯ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸುತ್ತೇವೆ. ಆಮೇಲೆ ರಬ್ಬರಿನ ಚೀಲ ಒತ್ತಿದಂತೆಲ್ಲ ಗಾಳಿ ಒಳಗೆ ಹೋಗುತ್ತದೆ.

ಆಪರೇಷನ್ ಕೋಣೆಯಲ್ಲಿ ರೋಗಿ ಉಪವಾಸವಿರುತ್ತಾರೆ, ಬೆಳಕಿರುತ್ತದೆ, ಕೈಗೆ ಬೇಕಾದ ಸಾಮಾನು ಪಕ್ಕದಲ್ಲೇ ಇರುತ್ತದೆ. ಹೊರಗೆ ಹಾಗಲ್ಲ. ರೋಗಿ ಊಟ ಮಾಡಿರಬಹುದು, ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮೈಯಲ್ಲಿ ಪ್ರಾಣವಾಯುವಿನ ಉಳಿತಾಯ ಮೊದಲೇ ಕರಗಿರುತ್ತದೆ. ಪ್ರಾಣವಾಯು ಪೂರ್ತಿ ನಿಂತರೆ ಮೆದುಳಿಗೆ ನಾಲ್ಕೈದು ನಿಮಿಷದಲ್ಲೇ ಪೆಟ್ಟು ಬೀಳತೊಡಗುತ್ತದೆ. ಅದಕ್ಕೇ ನಮ್ಮ ಪೆಟ್ಟಿಗೆಯಲ್ಲಿ ಎಲ್ಲವೂ ಜೋಡಿಸಿಟ್ಟಿರುತ್ತದೆ. ಮೊದಲ ಉಪಾಯ ಫಲಿಸದಿದ್ದರೆ ಎರಡನೆಯದೇನು ಎಂದು ಮೊದಲೇ ಗಟ್ಟಿಯಾಗಿ ಹೇಳಿಕೊಂಡು ಶುರು ಮಾಡುತ್ತೇವೆ.

ನಮ್ಮ ಕಡೆಯ ಹೊಲ, ಗುಡ್ಡಗಳ ಊರುಗಳಲ್ಲಿ ಹೀಗೆ ಉಸಿರು ಕಟ್ಟಿಸುವ ಒಂದು ಕಾರಣ ಹಾವು. ಕೊಳಕುಮಂಡಲ, ಗರಗಸಮಂಡಲಗಳ ವಿಷ ಹೆಚ್ಚಾಗಿ ರಕ್ತವನ್ನು ಕೆಡಿಸುತ್ತದೆ. ನಾಗರಹಾವು, ಕಟ್ಟುಹಾವುಗಳ ವಿಷ ನರಗಳಿಂದ ಸ್ನಾಯುಗಳಿಗೆ ಹೋಗುವ ಅಪ್ಪಣೆಯನ್ನೇ ತಡೆಯುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ಆಮೇಲೆ ನುಂಗಲು ಆಗುವುದಿಲ್ಲ, ಕೊನೆಗೆ ಉಸಿರಾಟದ ಸ್ನಾಯುಗಳೂ ಸುಮ್ಮನಾಗುತ್ತವೆ. ಕಟ್ಟುಹಾವು ರಾತ್ರಿ ಸಂಚಾರಿ. ಅದು ಕಚ್ಚಿದರೆ ನೋವು ಕಡಿಮೆ, ಗುರುತೂ ಎಷ್ಟೋ ಸಲ ಕಾಣುವುದಿಲ್ಲ.

ಒಂದು ಮಳೆಗಾಲದ ಬೆಳಗ್ಗೆ, ನೆಲದ ಮೇಲೆ ಮಲಗಿ ಎದ್ದ ಹತ್ತು ವರ್ಷದ ಹುಡುಗಿಯೊಬ್ಬಳನ್ನು ಆಸ್ಪತ್ರೆಗೆ ತಂದರು. ಹೊಟ್ಟೆನೋವೆಂದು ಮನೆಯಲ್ಲಿ ಮಜ್ಜಿಗೆ ಕುಡಿಸಿದ್ದರು. ನಾನು ಓಡಿ ಬರುವಷ್ಟರಲ್ಲಿ ರೆಪ್ಪೆ ಮುಚ್ಚಿತ್ತು, ಬಾಯಲ್ಲಿ ಜೊಲ್ಲು ತುಂಬಿತ್ತು, ಎದೆ ಏಳುತ್ತಿರಲಿಲ್ಲ. ಬಾಯಿ ಹೀರಿ ಸ್ವಚ್ಛಮಾಡಿ ಕೊಳವೆ ಇಳಿಸಿದೆ. ಎದೆಯ ಎರಡೂ ಬದಿ ಸಮನಾಗಿ ಎದ್ದವು. ಪ್ರತಿವಿಷದ ಔಷಧ ಶುರುವಾಯಿತು. ಆದರೆ ಕಟ್ಟುಹಾವಿನ ವಿಷಕ್ಕೆ ಸಿಕ್ಕ ನರಗಳು ಚೇತರಿಸಿಕೊಳ್ಳಲು ದಿನಗಳೇ ಬೇಕು. ಇದ್ದ ಒಂದು ವೆಂಟಿಲೇಟರ್ ಇನ್ನೊಬ್ಬ ರೋಗಿಗೆ ಹಾಕಿಯಾಗಿತ್ತು. ಅದು ಬಿಡುವಾಗುವವರೆಗೆ ನರ್ಸ್, ನಾನು, ಅವಳ ತಾತ ಸರದಿಯಲ್ಲಿ ಚೀಲ ಒತ್ತಿದೆವು.

"ಅವಳಿಗೆ ಕಣ್ಣು ಬಿಡೋಕೆ ಆಗ್ತಿಲ್ಲ ಅಷ್ಟೇ, ಕಿವಿ ಕೇಳಿಸ್ತದೆ. ಮಾತಾಡಿಸ್ತಾ ಇರ್ರಿ" ಎಂದೆ. ಏನು ಮಾತಾಡುವುದೆಂದು ತಿಳಿಯದೆ ತಾತ ಮನೆಯ ಮೇಕೆಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ಚೀಲ ಒತ್ತಿದ. ನಾಲ್ಕನೆಯ ದಿನ ಬೆರಳು ಆಡಿತು. ಕೊಳವೆ ತೆಗೆದ ಮೇಲೆ ಆ ಹುಡುಗಿ ಒಡೆದ ದನಿಯಲ್ಲಿ ಆಡಿದ ಮೊದಲ ಮಾತು: "ತಾತ, ಎಲ್ಲಾ ಮೇಕೆ ಹೆಸ್ರು ಹೇಳ್ದಿ, ಗೌರೀನ ಬಿಟ್ಬಿಟ್ಟಿ."

ಹೀಗೆ ಕೈಯಿಂದ ಉಸಿರು ಕೊಡುವ ವಿದ್ಯೆಗೆ ದೊಡ್ಡ ಕಥೆಯಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಬಡಿಯಿತು. ಉಸಿರಾಟದ ಯಂತ್ರಗಳು ಕೆಲವೇ ಇದ್ದವು. ಮೊದಲ ವಾರಗಳಲ್ಲಿ ಅವುಗಳ ನೆರವು ಪಡೆದ 31 ಜನರಲ್ಲಿ 27 ಮಂದಿ ತೀರಿಕೊಂಡರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರನ್ನು ಕರೆಸಿದರು. ಅವರು ಆಗಸ್ಟ್ 27ರಂದು 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯಲ್ಲಿ ಮಾಡಿದ ರಂಧ್ರದ ಮೂಲಕ ಕೊಳವೆ ಹಾಕಿಸಿ, ಆಪರೇಷನ್ ಕೋಣೆಯಲ್ಲಿ ಮಾಡುತ್ತಿದ್ದಂತೆಯೇ ಚೀಲ ಒತ್ತಿ ಉಸಿರು ಕೊಟ್ಟರು. ಅವಳು ಬದುಕಿದಳು. ಆಮೇಲೆ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ತಿಂಗಳುಗಟ್ಟಲೆ ಹಗಲೂ ರಾತ್ರಿ ಚೀಲ ಒತ್ತಿದರು. ಸಾವು ಬಹಳ ಇಳಿಯಿತು. ಇಂದಿನ ಐಸಿಯು ವಾರ್ಡುಗಳ ಮೂಲ ಅಲ್ಲಿದೆ.

ಲಸಿಕೆಯಿಂದಾಗಿ 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಹಾವಿನ ಕಡಿತ ಮಾತ್ರ ಉಳಿದಿದೆ. 2024ರಲ್ಲಿ ಕರ್ನಾಟಕ ಸರ್ಕಾರ, ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ನಿಯಮ ತಂದಿತು.

ಬಂಡ್ರಿಯಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಸಂಡೂರು, ತೋರಣಗಲ್ಲು ದಾಟಿ, ಅದಿರು ಲಾರಿಗಳ ನಡುವೆ ಹೋಗಬೇಕು. ಹಾಗಾಗಿ ಮನೆಯವರ ಮೊದಲ ನಿಮಿಷಗಳು ಮುಖ್ಯ. ಹಾವು ಕಚ್ಚಿದ ಅನುಮಾನ ಬಂದರೂ ಸಾಕು, 108ಕ್ಕೆ ಕರೆ ಮಾಡಿ. ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ಹೊತ್ತು ಕಳೆಯಬೇಡಿ. ಬಳೆ, ಉಂಗುರ ತೆಗೆಯಿರಿ. ಕೈಕಾಲು ಆಡಿಸದಂತೆ ಮಲಗಿಸಿ, ನಡೆಸಬೇಡಿ. ರೆಪ್ಪೆ ಜೋಲುತ್ತಿದ್ದರೆ ನೀರು, ಮಜ್ಜಿಗೆ ಏನೂ ಬೇಡ. ಎಚ್ಚರ ತಪ್ಪಿ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ. ಜೊಲ್ಲು ಹೊರಗೆ ಹರಿಯುತ್ತದೆ, ಗಾಳಿಯ ದಾರಿ ತೆರೆದಿರುತ್ತದೆ.

ಅಜ್ಜ ಅಜ್ಜಿಯರೇ, ಮಳೆಗಾಲದಲ್ಲಿ ಮಕ್ಕಳನ್ನು ಮಂಚದ ಮೇಲೆ ಮಲಗಿಸಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಮಕ್ಕಳೇ, ರಾತ್ರಿ ಹೊರಗೆ ಹೋಗುವ ಹಿರಿಯರ ಕೈಗೆ ಟಾರ್ಚ್ ಕೊಡುವ ಕೆಲಸ ನಿಮ್ಮದು.