ಕುಂಭರಾಶಿಗೆ ‘ಹೃದ್ರೋಗ’ ಎಂಬ ಹೆಸರು ಬಂದ ಬಗೆ

ಕುಂಭರಾಶಿಗೆ ‘ಹೃದ್ರೋಗ’ ಎಂಬ ಇನ್ನೊಂದು ಹೆಸರಿದೆ ಎಂದರೆ ನಂಬುತ್ತೀರಾ? ಆರನೆಯ ಶತಮಾನದ ಜ್ಯೋತಿಷಿ ವರಾಹಮಿಹಿರ ತನ್ನ ‘ಬೃಹಜ್ಜಾತಕ’ದ ಮೊದಲ ಅಧ್ಯಾಯದ ಶ್ಲೋಕವೊಂದರಲ್ಲೇ ಅದನ್ನು ಬರೆದಿಟ್ಟಿದ್ದಾನೆ! ಎದೆನೋವಿಗೂ ಕುಂಭಕ್ಕೂ ಎತ್ತಣಿಂದೆತ್ತ ಸಂಬಂಧ? ಗುಟ್ಟು ಗ್ರೀಕ್ ಭಾಷೆಯಲ್ಲಿದೆ. ಗ್ರೀಕರಿಗೆ ಆ ರಾಶಿ ‘ಹಿದ್ರೊಖೊಓಸ್’, ನೀರು ಸುರಿಯುವವನು. ಆ ಉಚ್ಚಾರ ನಮ್ಮ ಪಂಡಿತರ ನಾಲಿಗೆಗೆ ಒಗ್ಗುವ ಹೊತ್ತಿಗೆ ಹೃದ್ರೋಗವಾಗಿಬಿಟ್ಟಿತ್ತು!

ಅದೇ ಶ್ಲೋಕದಲ್ಲಿ ಇನ್ನೂ ಎಷ್ಟು ಮಂದಿ ಅಡಗಿ ಕೂತಿದ್ದಾರೆ ನೋಡಿ. ವೃಷಭಕ್ಕೆ ‘ತಾವುರಿ’: ಗ್ರೀಕರ ತೌರೋಸ್, ಲ್ಯಾಟಿನ್ನಿನ ಟಾರಸ್. ಸಿಂಹಕ್ಕೆ ‘ಲೇಯ’: ಲೆಓನ್. ಪಾರ್ಥೆನೋಸ್ ರೇಫ ಕಳೆದುಕೊಂಡು ‘ಪಾಥೋನ’ಳಾದಳು, ನಮ್ಮ ಕನ್ಯೆ. ಸ್ಕೊರ್ಪಿಓಸ್ ಮೊದಲ ಸಕಾರ ಉದುರಿಸಿ ‘ಕೌರ್ಪ್ಯ’ವಾಯಿತು, ನಮ್ಮ ವೃಶ್ಚಿಕ. ಒಂದೊಂದನ್ನೂ ಗಟ್ಟಿಯಾಗಿ ಉಚ್ಚರಿಸಿ ನೋಡಬೇಕು, ಮೈ ಜುಮ್ಮೆನ್ನುತ್ತದೆ. ಯವನರು, ಅಂದರೆ ಗ್ರೀಕರು, ಮ್ಲೇಚ್ಛರಾದರೂ ಜ್ಯೋತಿಷ ಶಾಸ್ತ್ರ ಬಲ್ಲವರಾದ್ದರಿಂದ ಋಷಿಗಳಂತೆ ಪೂಜ್ಯರು ಎಂಬ ಮಾತು ಇದೇ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಬರುತ್ತದೆ. ಎಂಥ ದೊಡ್ಡ ಮನಸ್ಸು!

ಈ ರಾಶಿನಾಮಗಳು ಬಳಕೆಯಿಂದ ಮರೆಯಾದವು ನಿಜ. ಆದರೆ ‘ಕೇಂದ್ರ’? ಅದು ಗ್ರೀಕರ ಕೆಂತ್ರೋನ್: ಚುಚ್ಚುವ ಮೊನೆ, ವೃತ್ತ ಎಳೆಯುವಾಗ ನೆಟ್ಟ ಕೈವಾರದ ಮುಳ್ಳು. ಜಾತಕದೊಳಗಿಂದ ಹೊರಟ ಆ ಮುಳ್ಳು ಇಂದು ಕೇಂದ್ರ ಸರ್ಕಾರದಲ್ಲಿದೆ, ಊರೂರಿನ ಆರೋಗ್ಯ ಕೇಂದ್ರದ ಬೋರ್ಡಿನ ಮೇಲಿದೆ! ಮದುವೆಯ ಮುಹೂರ್ತ ನೋಡುವಾಗ ಜೋಯಿಸರು ಹೇಳುವ ‘ಜಾಮಿತ್ರ’ವೂ ಅಲ್ಲಿಂದಲೇ ಬಂದದ್ದು. ದಿಆಮೆತ್ರೋಸ್, ವ್ಯಾಸ, ಲಗ್ನಕ್ಕೆ ನೇರ ಎದುರಿನ ಏಳನೆಯ ಮನೆ. ಕಾಳಿದಾಸನ ‘ಕುಮಾರಸಂಭವ’ದ ಏಳನೆಯ ಸರ್ಗ ತೆರೆದರೆ ಸಾಕ್ಷಾತ್ ಶಿವಪಾರ್ವತಿಯರ ಮದುವೆಯ ದಿನವನ್ನು ಆರಿಸಿದ್ದೇ ಜಾಮಿತ್ರದ ಗುಣ ನೋಡಿ. ಶಿವನ ಮದುವೆಗೆ ಗ್ರೀಕ್ ಪದದ ಲಗ್ನ!

ಇವೆಲ್ಲವುಗಳಲ್ಲಿ ನನ್ನನ್ನು ಬೆರಗಾಗಿಸಿದ್ದು ‘ಹೋರೆ’, ದಿನದ 24 ಪಾಲುಗಳಲ್ಲಿ ಒಂದು. ‘ಅಹೋರಾತ್ರ’ದ ಮೊದಲ, ಕೊನೆಯ ಅಕ್ಷರ ಬಿಟ್ಟರೆ ‘ಹೋರಾ’ ಎಂದು ಕೆಲವರು ವಿವರಿಸುತ್ತಾರೆಂದು ವರಾಹಮಿಹಿರನೇ ಹೇಳುತ್ತಾನೆ. ಸೊಗಸಾದ ವಿವರಣೆ, ಆದರೆ ಪದ ಗ್ರೀಕರ ಹೋರಾ. ಅದೇ ಲ್ಯಾಟಿನ್ನಿಗೆ ಹೋಗಿ, ಇಂಗ್ಲಿಷಿನ ‘ಅವರ್’ ಆಯಿತು. ನಮ್ಮ ವಾರದ ದಿನಗಳ ಸಾಲನ್ನು ಹೆಣೆದದ್ದೂ ಈ ಹೋರೆಯೇ. ಆಕಾಶದಲ್ಲಿ ಗ್ರಹಗಳು ನಿಧಾನದಿಂದ ವೇಗಕ್ಕೆ ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಸಾಗುತ್ತವೆ ಎಂಬುದು ಹಳೆಯ ಲೆಕ್ಕ. ಈ ಕ್ರಮದಲ್ಲಿ ಒಂದೊಂದು ಹೋರೆಗೆ ಒಬ್ಬೊಬ್ಬ ಅಧಿಪತಿ. ದಿನದ ಮೊದಲ ಹೋರೆ ಯಾರದೋ, ಆ ದಿನ ಅವನದು.

ನಿಮ್ಮ ಮನೆಯ ಪಂಚಾಂಗದಲ್ಲಿ ಹೋರೆಗಳ ಪಟ್ಟಿ ಇದ್ದರೆ ಬೆರಳಿಟ್ಟು ಎಣಿಸಿ ನೋಡಿ. ಭಾನುವಾರದ ಮೊದಲ ಹೋರೆ ರವಿಯದು. 24 ಮುಗಿದು 25ನೆಯದಕ್ಕೆ ಬಂದಾಗ ಬೆರಳು ಚಂದ್ರನ ಮೇಲೆ ನಿಂತಿರುತ್ತದೆ. ಅದು ಸೋಮವಾರದ ಮೊದಲ ಹೋರೆ.